ಕರವಸ್ತ್ರ ಹಾಕಿದ ಸೀಟು

“ಚುಕ್ಕಿ ಯಾಕ ನಿಂತೈತಿ?” ಫೋನಿನಲ್ಲಿ ಗಂಡ ಕೇಳಿದ.

“ಬಸ್ಸು ಚಹಾಕ್ಕ ನಿಂತೈತ್ರಿ.”

“ನೀ ಇಳೀಬ್ಯಾಡ. ಹುಬ್ಬಳ್ಳಿ ಮುಟ್ಟೂತನಕಾ ಲೊಕೇಶನ್ ಆಫ್ ಆಗಬಾರದು. ಸ್ಟ್ಯಾಂಡಿನ್ಯಾಗ ನಾ ಕಾಯ್ತಿರ್ತೀನಿ.”

ಮದುವೆಯಾದಂದಿನಿಂದ ಅವಳು ಎಲ್ಲಿಗೆ ಹೋದರೂ ಅವನ ಮೊಬೈಲಿನ ನಕಾಶೆಯಲ್ಲಿ ನೀಲಿ ಚುಕ್ಕಿಯಾಗಿಯೇ ಹೋಗಬೇಕಿತ್ತು. ಚುಕ್ಕಿ ತುಸು ನಿಂತರೂ ಫೋನು ಬರುತ್ತಿತ್ತು. ಪಕ್ಕದ ಸೀಟಿನ ಅಜ್ಜಿ ದಾರಿಯುದ್ದಕ್ಕೂ ಆ ಮಾತುಗಳನ್ನು ಕೇಳುತ್ತಲೇ ಬಂದಿದ್ದಳು.

“ಭಾಳ ಕಾಳಜಿ ಮಾಡ್ತಾನವಾ ನಿನ್ನ ಗಂಡ,” ಎಂದಳು.

ಅವಳು ಫೋನಿನ ಸದ್ದು ಅಡಗಿಸಿ ಸೀಟಿನ ಮೇಲಿಟ್ಟಳು. ಅದರ ಮೇಲೆ ಕರವಸ್ತ್ರ ಹಾಸಿದಳು.

“ಆಯೀ, ಸೀಟ್ ನೋಡ್ಕೋರಿ, ಈಗ ಬಂದೆ.”

ಕೆಳಗಿಳಿದಳು. ಪಕ್ಕದಲ್ಲೇ ಅವಳ ತವರೂರಿನ ಬಸ್ಸು ನಿಂತಿತ್ತು. ಗಂಡ ಎಂದೂ ಹತ್ತಗೊಡದ ಬಸ್ಸು. ಹತ್ತಿ ಕಿಟಕಿಯ ಬಳಿ ಕೂತಳು. ಅದರ ಡ್ರೈವರನ ಸುಳಿವೇ ಇರಲಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕರವಸ್ತ್ರದ ಸೀಟಿನ ಬಳಿ ಬಂದು ನಿಂತದ್ದು ಕಾಣಿಸಿತು.

“ಯವ್ವಾ, ಈ ಸೀಟಿನಾಕಿ ಎಲ್ಲಿ ಹೋದ್ಲು?” ಅವನ ದನಿ ಇಲ್ಲಿಯವರೆಗೂ ಕೇಳಿಸಿತು.

ಅಜ್ಜಿ ಕರವಸ್ತ್ರದ ತುದಿ ಎತ್ತಿ ನೋಡಿದಳು. ಆಮೇಲೆ ಕಿಟಕಿಯಾಚೆ ನೋಡಿದಳು. ಇಬ್ಬರ ಕಣ್ಣೂ ಕೂಡಿದವು. ಅವಳಿಗೆ ಹೇಳಬೇಡವೆಂದು ತಲೆಯಾಡಿಸಲೂ ಆಗಲಿಲ್ಲ.

ಅಜ್ಜಿ ಕರವಸ್ತ್ರವನ್ನು ಮೊದಲಿನಂತೆಯೇ ಸರಿಪಡಿಸಿದಳು.

“ಆಕಿ ಹಿಂದಿನ ಸೀಟಿನ್ಯಾಗ ಕುಂತಾಳಪಾ. ನೀ ಲಗೂನ ಬಸ್ ಬಿಡು, ಹುಬ್ಬಳ್ಳ್ಯಾಗ ಆಕಿ ಗಂಡ ಕಾಯಾಕತ್ತಾನ.”