ಸಂತೆಯ ಕಾಯದೆ

ಸಂತೆ ಬಯಲಿನಲ್ಲಿ ಮಳಿಗೆ ಕಟ್ಟಲು ಪುರಸಭೆ ಹೊರಟಾಗ, ಸಂತೆಯವರಿಗೆ ಉಳಿದಿದ್ದ ಒಂದೇ ಆಸರೆಯೆಂದರೆ ಸಂಸ್ಥಾನದ ಕಾಲದಲ್ಲಿ ಅಚ್ಚಾದ ಕಾಯದೆ ಪುಸ್ತಕ. ದೂರದ ಜಿಲ್ಲಾ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಅನ್ನಪೂರ್ಣಾ ಅದನ್ನು ಹೇಗೋ ಹುಡುಕಿ ತೆಗೆದಿದ್ದಳು; ಅಲ್ಲಿಂದ ಹೊರಗೆ ಒಯ್ಯುವಂತಿರಲಿಲ್ಲ. ನಾಲ್ಕು ಜನರೆದುರು ದನಿ ಎತ್ತಿದವಳೇ ಅಲ್ಲ ಅವಳು. ಈಗ, ದೀಪ ಹಚ್ಚುವ ಹೊತ್ತಿನಲ್ಲಿ, ಗ್ರಂಥಾಲಯದ ಅಂಗಳ ತುಂಬ ಸಂತೆಯವರು. ಎದುರಿಗೆ ಪುರಸಭೆಯ ಅಧಿಕಾರಿ, ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಮುದುಕಿ ದ್ಯಾಮವ್ವ.

"ಗಟ್ಟಿ ಓದವಾ. ಸಾಹೇಬರ ಕಿವಿ ಸ್ವಲ್ಪ ಮಂದ ಐತಿ," ಎಂದಳು ದ್ಯಾಮವ್ವ. ಜನ ನಕ್ಕರು.

ಅನ್ನಪೂರ್ಣಾ ಪುಡಿಯಾಗುತ್ತಿದ್ದ ಹಾಳೆಯನ್ನು ಬೆರಳ ತುದಿಯಲ್ಲಿ ಹಿಡಿದು ಓದಿದಳು: "ಈ ಬಯಲು ಗುರುವಾರದ ಸಂತೆಯವರಿಗೆ ಸೇರತಕ್ಕದ್ದು. ಯಾರೂ ಅವರನ್ನು ಎಬ್ಬಿಸಕೂಡದು."

ಶಿಳ್ಳೆ ಬಿದ್ದವು. ಅಷ್ಟರಲ್ಲಿ ಅವಳ ಕಣ್ಣು ಮುಂದಿನ ಸಾಲಿಗೆ ಹೋಯಿತು; ಪುಸ್ತಕ ಮುಚ್ಚಲು ಹೋದಳು.

"ಯಾಕ ನಿಲ್ಲಿಸಿದ್ರಿ? ಪೂರ್ತಿ ಓದ್ರಿ," ಎಂದರು ಅಧಿಕಾರಿ.

"ಆದರೆ... ಒಂದೇ ಒಂದು ವಾರ ಸಂತೆ ನೆರೆಯದೆ ಹೋದರೂ ಬಯಲು ಸರಕಾರಕ್ಕೆ ವಾಪಸಾಗತಕ್ಕದ್ದು."

"ಇಷ್ಟ ಹೌದಲ್ಲೋ? ಅದಕ್ಯಾಕ ಹೆದರತಿ ಮಗಳ?" ದ್ಯಾಮವ್ವ ನಕ್ಕಳು. "ಕೊರೋನಾದಾಗ ಸೈತ ಪೊಲೀಸರ ಕಣ್ಣು ತಪ್ಪಿಸಿ ನಾ ಒಬ್ಬಾಕಿನ ಬುಟ್ಟಿ ಇಟಗೊಂಡು ಕುಂತಿದ್ದೆ."

"ಹಂಗಾರ ಎಂದೂ ತಪ್ಪಿಲ್ಲ?" ಅಧಿಕಾರಿ ಪೆನ್ನು ತೆಗೆದರು.

ಅನ್ನಪೂರ್ಣಾ ಮುದುಕಿಯ ಸೆರಗು ಜಗ್ಗಿದಳು. ದ್ಯಾಮವ್ವನಿಗೆ ಅದು ತಿಳಿಯಲೇ ಇಲ್ಲ.

"ಎಂದೂ ಇಲ್ರೀ ಸಾಹೇಬ್ರ. ಇವತ್ತೊಂದ ಗುರುವಾರ, ಈಕಿ ಓದೂದು ಕೇಳಾಕಂತ, ಒಬ್ರೂ ಉಳೀದಂಗ ಮುಂಜಾನೇನ ಬಸ್ ಹತ್ತಿ ಬಂದೀವಿ ನೋಡ್ರಿ!"