ಪದವಿಯ ಜಪ್ತಿ

ಪಗಾರಕ್ಕಿಂತ ಓದಿನ ಸಾಲದ ಕಂತೇ ದೊಡ್ಡದಾದವರ ಪದವಿಯನ್ನು ಬ್ಯಾಂಕಿನವರು ತಲೆಯಿಂದಲೇ ಜಪ್ತಿ ಮಾಡಿಕೊಂಡು ಹೋಗುವುದು ಹುಬ್ಬಳ್ಳಿಯಲ್ಲಿ ಹೊಸದೇನಲ್ಲ. ಹೋದ ವಾರ ಎದುರುಮನೆಯವನ ಸಿವಿಲ್ ಇಂಜಿನಿಯರಿಂಗ್ ಒಯ್ದಿದ್ದರು. ಇವತ್ತು ನೀಲಾಂಬಿಕಾಳ ಕಂಪ್ಯೂಟರ್ ಸೈನ್ಸ್‌ನ ಸರದಿ.

ವಸೂಲಿ ಸಾಹೇಬ ಟೊಪ್ಪಿಗೆಯಂಥ ಯಂತ್ರವನ್ನು ಮೇಜಿನ ಮೇಲಿಟ್ಟು, "ಪಂಚರೊಬ್ಬರನ್ನ ಕರೀರಿ" ಎಂದ. ಜಪ್ತಿಯಾಗುವುದೇನೆಂದು ತಿಳಿದ ಸಾಕ್ಷಿಯ ಸಹಿ ಇಲ್ಲದೆ ಯಂತ್ರ ಚಾಲೂ ಮಾಡುವಂತಿರಲಿಲ್ಲ. ಪಕ್ಕದ ಮನೆಯಲ್ಲಿ ಬ್ಲೌಸ್ ಹೊಲಿಯುವ, ಕಂಪ್ಯೂಟರ್ ಮುಟ್ಟಿಯೂ ಗೊತ್ತಿರದ ದಿಲ್‌ಶಾದ್ ಚಾಚಿಯನ್ನೇ ನೀಲಾಂಬಿಕಾ ಬೇಕಂತಲೇ ಕರೆತಂದಳು.

"ಇಲ್ಲೊಂದು ಸಹಿ ಹಾಕ್ರಿ," ಎಂದ ಸಾಹೇಬ.

"ಏನ್ ಒಯ್ಯಾಕತ್ತೀರಿ ಅಂತ ತಿಳೀದ ಹೆಂಗ ಹಾಕ್ಲಿ?" ಚಾಚಿ ಕುರ್ಚಿ ಎಳೆದುಕೊಂಡು ಕುಳಿತಳು. "ನೀಲಾ, ಮೊದಲಿಂದ ಹೇಳು ಬೇಟಾ."

ನೀಲಾಂಬಿಕಾ ಲ್ಯಾಪ್‌ಟಾಪ್ ತೆರೆದು ಶುರು ಮಾಡಿದಳು. ಚಾಚಿ ತಿಳಿಯದ್ದನ್ನು ಮತ್ತೆ ಮತ್ತೆ ಕೇಳಿದಳು, ತಾನೇ ಪ್ರೋಗ್ರಾಮ್ ಬರೆದು ನೋಡಿದಳು, ತಪ್ಪಿದರೆ ಹೊಲಿಗೆ ಬಿಚ್ಚಿದಂತೆ ಬಿಚ್ಚಿ ಮತ್ತೆ ಬರೆದಳು. ಸಾಹೇಬ ಮರುದಿನ ಬಂದ, ಅದರ ಮರುದಿನವೂ ಬಂದ. ತಿಂಗಳುಗಳು ಉರುಳಿ ದೀಪಾವಳಿ ಕಳೆದರೂ ಕಾನೂನು ಅವನನ್ನು ಮೂಲೆಯ ಸ್ಟೂಲಿನ ಮೇಲೆ ಕೂರಿಸಿತ್ತು.

ಕೊನೆಗೊಂದು ದಿನ ಚಾಚಿ, "ಈಗ ಪೂರಾ ತಿಳೀತ್ರಿ" ಎಂದು ಸಹಿ ಹಾಕಿದಳು. ನೀಲಾಂಬಿಕಾ ತಾನೇ ಟೊಪ್ಪಿಗೆ ತೊಟ್ಟು, "ಒಯ್ರಿ" ಎಂದಳು.

ಯಂತ್ರ ಗುಂಯ್ ಎಂದಿತು. ಅವಳು ಕಣ್ಣು ಬಿಟ್ಟಾಗ ಪರದೆಯ ಮೇಲಿನ ಅಕ್ಷರಗಳು ಚದುರಿದ ಇರುವೆಗಳಂತೆ ಕಂಡವು. ಹೊಸಿಲು ದಾಟುತ್ತಿದ್ದ ಸಾಹೇಬ ಏನೋ ಹೊಳೆದವನಂತೆ ತಿರುಗಿ ಚಾಚಿಯ ತಲೆಯನ್ನೇ ದಿಟ್ಟಿಸಿದ.

"ನನ್ನ ಮ್ಯಾಲ ಸಾಲ ಇಲ್ರಿ ಸಾಹೇಬ್ರ, ನೀವು ನಡೀರಿ," ಎಂದಳು ಚಾಚಿ. "ಬಾ ನೀಲಾ, ಕೂಡು. ಮೊದಲಿಂದ ಹೇಳಿಕೊಡ್ತೀನಿ."