ಹಿತ್ತಾಳೆಯ ಬುಗುರಿ

ತಳದ ಹಲಗೆ ಎತ್ತಿದ್ದೇ ತಡ, ಕೊಳೆತ ಮೀನಿನ ನಾತ ಮುಖಕ್ಕೆ ಬಡಿಯಿತು. ಸುಶೀಲಕುಮಾರ ದೋಣಿಯ ಹೊರಗೆ ಬಾಗಿ ಉಗುಳಿದ. ಇಂಜಿನ್ನಿನ ಕೆಳಗೆ ಕಪ್ಪು ನೀರು. ಅದರ ಮೇಲೆ ಎಣ್ಣೆ, ಗುಟ್ಕಾ ಚೀಟಿ, ಯಾರೋ ತಿಂದು ಬಿಸಾಕಿದ ವಡಾಪಾವಿನ ಕಾಗದ.

"ನೋಡ್ರಿ ಮಿಸ್ತ್ರಿ, ಈ ಡ್ರೈವರನ ಸಂಸಾರ" ಎಂದ ದೋಣಿಯ ಮಾಲೀಕ ಓಂಪ್ರಕಾಶ. ಮೂಗಿಗೆ ಕರವಸ್ತ್ರ ಹಿಡಿದು ದಡದ ಮೇಲೆಯೇ ನಿಂತಿದ್ದ.

ಚಾಲಕ ಧೊಂಡಿಬಾ ದೋಣಿಯ ಅಂಚಿನಲ್ಲಿ ಕೂತಿದ್ದ. ಅವನ ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ನಿನ್ನೆ ಮಧ್ಯಾಹ್ನ ಹದಿನೆಂಟು ಜನರನ್ನು ಕೂರಿಸಿಕೊಂಡು ಹೋದಾಗ, ಭಾಲ್ಕಿ ಕಡೆಯ ಈ ಹಿನ್ನೀರಿನ ನಟ್ಟನಡುವೆ ಇಂಜಿನ್ ಕಾಯ್ದು ನಿಂತಿತ್ತು. ಕೂತವರಲ್ಲಿ ಒಬ್ಬ ಜಾಣ ಇಂಜಿನ್ನಿನ ನೀರಿನ ಮುಚ್ಚಳ ತಿರುವಿದ. ಹಬೆ ಚಿಮ್ಮಿತು. ಅವನ ಮುಖಕ್ಕೆ ಧೊಂಡಿಬಾ ತನ್ನ ಕೈ ಅಡ್ಡ ಹಿಡಿದ.

ತಪ್ಪು ಯಾರದೆಂದು ಇಂದು ಮಿಸ್ತ್ರಿ ಬರೆದುಕೊಡಬೇಕಿತ್ತು. ಚಾಲಕನದೆಂದಾದರೆ ಕೆಲಸವೂ ಇಲ್ಲ, ಲೈಸೆನ್ಸೂ ಇಲ್ಲ. ಧೊಂಡಿಬಾ ಚಿಂತಾಕಿಯಲ್ಲಿ ಕುರಿ ಮಾರಿ ಈ ಕೆಲಸಕ್ಕೆ ಬಂದವನು. ತಿರುಗಿ ಹೋಗಲು ಹಟ್ಟಿ ಉಳಿದಿರಲಿಲ್ಲ.

ನೌಬಾದದ ಸುಶೀಲಕುಮಾರನನ್ನು ಕರೆಸಬೇಕೆಂದು ಹಟ ಹಿಡಿದವನೂ ಅವನೇ. ಬೀದರಿನಿಂದ ಔರಾದದವರೆಗೆ ಯಾವ ಟ್ರ್ಯಾಕ್ಟರ್ ಕೆಟ್ಟರೂ ಆ ಮಿಸ್ತ್ರಿ ಹೇಳಿದ್ದೇ ಕೊನೆಯ ಮಾತು.

"ಎರಡೇ ಕಾರಣ ಇರ್ತಾವ ನೋಡ್ರಿ" ಎಂದ ಸುಶೀಲಕುಮಾರ. "ಒಂದು, ನೀರು ಎಳಕೊಳ್ಳೋ ಜಾಳಿಗೆ ಕಸ ಕಟ್ಟಿರಬೇಕು. ಅದು ಡ್ರೈವರನ ತಪ್ಪು. ಇಲ್ಲಾಂದ್ರ ಥರ್ಮೋಸ್ಟಾಟ್ ಇರಲಿಕ್ಕಿಲ್ಲ. ಅದು ಕಿತ್ತ ಮಿಸ್ತ್ರಿದು ತಪ್ಪು."

ಥರ್ಮೋಸ್ಟಾಟೆಂದರೆ ನೀರು ಕಾಯ್ದಾಗ ಬಾಯಿ ತೆರೆಯುವ, ಹಿತ್ತಾಳೆಯ ಬುಗುರಿಯಂಥ ಸಣ್ಣ ವಾಲ್ವು; ನಮ್ಮ ಬಿಸಿಲಿಗೆ ಬೇಡವೆಂದು ಅದನ್ನು ಕಿತ್ತುಹಾಕುವ ಮಿಸ್ತ್ರಿಗಳು ಈ ಕಡೆ ಬಹಳ. ದೊಡ್ಡ ಫ್ಯಾನ್ ಇರುವ ಇಂಜಿನ್ನು ಹೇಗೋ ತಡೆದುಕೊಳ್ಳುತ್ತದೆ. ದೋಣಿಯಲ್ಲಿ ಫ್ಯಾನಿಲ್ಲ. ವಾಲ್ವಿಲ್ಲದಿದ್ದರೆ ಬಿಸಿನೀರು ತಣಿಯುವ ಕಡೆಗೆ ಹೋಗದೆ ಒಳಗೊಳಗೇ ಸುತ್ತುತ್ತದೆ.

"ಅಂಥಾ ಮಿಸ್ತ್ರಿ ಕೈಯಾಗ ಪಾನಾ ಕೊಡಬಾರದು" ಎಂದು ಅವನೇ ಸೇರಿಸಿದ.

ಮೊದಲು ಜಾಳಿಗೆ ಕೈ ಹಾಕಿದ. ಒಂದು ಹಿಡಿ ಹೊರಬಂತು. ಕೂದಲು, ಹೂಮಾಲೆಯ ದಾರ, ಲೋಳೆಗಟ್ಟಿದ ಪ್ಲಾಸ್ಟಿಕ್ಕು, ಕಣ್ಣು ಕಳಚಿದ ಒಂದು ಮೀನು. ಓಂಪ್ರಕಾಶ ಮುಖ ತಿರುಗಿಸಿದ.

"ಅದು ನಿನ್ನೆ ಒಂದೇ ದಿನದ್ದು ರಿ" ಎಂದ ಧೊಂಡಿಬಾ. "ದಿನಾ ಮುಂಜಾನಿ ನಾನೇ ತೊಳೀತೇನಿ."

"ತೊಳಿಯೋನ ಮಾರಿ ನೋಡು" ಎಂದು ಹಂಗಿಸಿದ ಮಾಲೀಕ.

ಸುಶೀಲಕುಮಾರ ಆ ಕಸವನ್ನು ಪಕ್ಕಕ್ಕಿಟ್ಟ. ಕೈ ಒರೆಸಿಕೊಳ್ಳುತ್ತ, ಇಂಜಿನ್ ಎಲ್ಲಿಯದೆಂದು ಕೇಳಿದ. ಹಳೆಯದೇ, ಕಮಠಾಣದಲ್ಲಿ ಮುಚ್ಚಿಹೋದ ಒಂದು ಫಂಕ್ಷನ್ ಹಾಲಿನ ಜನರೇಟರಿನದು ಎಂದ ಓಂಪ್ರಕಾಶ.

ಪಾನಾ ಹಾಕಿ ಎರಡು ಬೋಲ್ಟು ಸಡಿಲಿಸಿದ ಸುಶೀಲಕುಮಾರ ಮುಚ್ಚಳ ಎತ್ತಿ ಇಣುಕಿದ. ಬಹಳ ಹೊತ್ತು ಇಣುಕಿದ. ಆಮೇಲೆ ನೀರಿನತ್ತ ಬಾಗಿ ಇನ್ನೊಮ್ಮೆ ಉಗುಳಿದ.

ಮುಚ್ಚಳದ ಕೆಳಗಿನ ಪ್ಯಾಕಿಂಗ್ ಹರಿದಿದೆ, ಅಂಗಡಿಯಿಂದ ತರುತ್ತೇನೆ ಎಂದ. ಬೋಲ್ಟುಗಳನ್ನು ತಾನೇ ಬಿಗಿದ. ಬರುವವರೆಗೆ ಯಾರೂ ಮುಟ್ಟಕೂಡದೆಂದು ಹೇಳಿ ಬೈಕು ಹತ್ತಿದ.

ನೌಬಾದದಲ್ಲಿ ಅಂಗಡಿ ಮುಂದೆ, ಮನೆ ಹಿಂದೆ. ಮಗಳು ಕರುಣಾ ಪರೀಕ್ಷೆಗೆ ಓದುತ್ತ ಅಂಗಡಿಯಲ್ಲಿ ಕೂತಿದ್ದಳು. ಅವಳ ತಲೆಯ ಮೇಲೆ ಗೋಡೆಗೆ ತಂತಿಯ ಸರ. ಸುಶೀಲಕುಮಾರ ಕೆಲಸ ಶುರುಮಾಡಿದ ವರ್ಷಗಳಲ್ಲಿ ಇಂಜಿನ್ನುಗಳಿಂದ ಕಿತ್ತ ಹಳೇ ಸಾಮಾನು, ಒಂದೊಂದಕ್ಕೂ ಊರಿನ ಹೆಸರು ಕೊರೆದ ತಗಡಿನ ಚೀಟಿ. ಔರಾದ, ಭಾಲ್ಕಿ, ಚಿಂತಾಕಿ. ಶಾಲೆಗೆ ಸೇರುವ ಮೊದಲೇ ಕರುಣಾ ಅಕ್ಷರ ಕಲಿತದ್ದು ಆ ಚೀಟಿಗಳಿಂದ.

ಪ್ಯಾಕಿಂಗ್ ತರಲು ಅವಳನ್ನು ಪಕ್ಕದ ಅಂಗಡಿಗೆ ಕಳಿಸಿ ಅವನು ಒಳಗೆ ಹೋದ. ಅವಳು ಮರಳಿದಾಗ ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿತ್ತು. ಅಪ್ಪ ಆಗಲೇ ಬೈಕಿನ ಮೇಲಿದ್ದ. ಚಹಾಪುಡಿಯ ಡಬ್ಬಿ ತೆರೆದೇ ಇರಲಿಲ್ಲ.

ಮೂರು ಗಂಟೆಗೆ ಅವನು ಹಿನ್ನೀರಿಗೆ ಬಂದ. ಈ ನಾತದಲ್ಲಿ ನಿಂತೇನು ಮಾಡುತ್ತೀರೆಂದು ಇಬ್ಬರನ್ನೂ ದೂರದ ಬೇವಿನ ನೆರಳಿಗೆ ಕಳಿಸಿದ. ಜಾಳಿ ತೊಳೆದ. ಪ್ಯಾಕಿಂಗ್ ಕೂರಿಸಿದ. ಆಮೇಲೆ ಕೂಗಿದ.

ದೋಣಿ ಒಂದು ತಾಸು ಓಡಿತು. ಮೀಟರಿನ ಮುಳ್ಳು ನಡುವೆ ಬಂದು ನಿಂತದ್ದು ಅಲುಗಲಿಲ್ಲ.

"ಜಾಳಿ ತೊಳದದ್ದಕ್ಕೇ ಸರಿ ಹೋತು" ಎಂದ ಓಂಪ್ರಕಾಶ. "ಧೊಂಡಿಬಾ, ನಿಂದು ಇನ್ನೇನರ ಹೇಳೋದು ಅದ ಏನೋ?"

ಧೊಂಡಿಬಾ ಮುಳ್ಳನ್ನೇ ನೋಡುತ್ತಿದ್ದ. "ನಾನೂ ಜಾಳಿನೇ ತೊಳೀತಿದ್ದೆ ರಿ, ಮಿಸ್ತ್ರಿಯವರ. ಮುಳ್ಳು ಹಿಂಗ ಒಂದಿನಾನೂ ನಿಂತಿದ್ದಿಲ್ಲ. ನೀವೇ ಹೇಳ್ರಿ, ಹ್ಯಾಂಗ ಆತು?"

ಸುಶೀಲಕುಮಾರ ಕಾಗದ ತೆಗೆದ. ಬರೆದ. ಥರ್ಮೋಸ್ಟಾಟ್ ತನ್ನ ಜಾಗದಲ್ಲಿದೆ. ಜಾಳಿ ಸ್ವಚ್ಛ ಇಡದ ಕಾರಣ ಇಂಜಿನ್ ಕಾಯ್ದಿದೆ.

ಬಲಗೈ ಏಳದ ಧೊಂಡಿಬಾ ಎಡಗೈ ಹೆಬ್ಬೆಟ್ಟು ಒತ್ತಿದ. ಮಸಿ ಕಲಸಿಹೋಯಿತು. ಓಂಪ್ರಕಾಶ ದೋಣಿಯ ಕೀಲಿ ಕಿತ್ತುಕೊಂಡ. ಧೊಂಡಿಬಾ ಕಾಗದವನ್ನು ನೋಡಲಿಲ್ಲ, ಮಾಲೀಕನನ್ನೂ ನೋಡಲಿಲ್ಲ. ಮಿಸ್ತ್ರಿಯ ಕೈಗಳನ್ನು ನೋಡಿದ. ಎದ್ದು ಹೋದ.

ಸಂಜೆ ಸುಶೀಲಕುಮಾರ ಬಚ್ಚಲಲ್ಲಿ ಮೂರು ಸಲ ಸಾಬೂನು ಹಚ್ಚಿ ಕೈ ತಿಕ್ಕಿದ. ನಾತ ಹೋಗಲಿಲ್ಲ. ನಾಲ್ಕನೆಯ ಸಲ ಹಚ್ಚುವಾಗ, ಗೋಡೆ ಝಾಡಿಸುತ್ತಿದ್ದ ಕರುಣಾ ಅಂಗಡಿಯಿಂದಲೇ ಕೇಳಿದಳು:

"ಪಪ್ಪಾ, ಕಮಠಾಣ ಜನರೇಟರ್ ಅಂತ ಚೀಟಿ ಅಷ್ಟೇ ಅದ. ಅದರ ಬುಗುರಿ ಎಲ್ಲಿ ಹೋತು?"